ಎಲ್ಲ ಕೆಲಸ ಮಾಡುವವರ ಹುದ್ದೆಗೆ ಏನಂತ ಹೆಸರಿಡೋದು?

(ತಂತ್ರಜ್ಞಾನ ಕ್ಷೇತ್ರದ ಕಿರಿಯ ಉದ್ಯೋಗಿಗಳ ಮುಂದೆ ಮೈಸೂರಿನಲ್ಲಿ ಆಡಿದ ಮಾತುಗಳ ಬರಹ ರೂಪ)

ನಿಮ್ಮಲ್ಲಿ ತುಂಬಾ ಜನ ಸಣ್ಣ ಕಂಪನಿಗಳಲ್ಲಿ ಇದ್ದೀರಿ. ಹತ್ತು ಜನರದ್ದೋ ಇಪ್ಪತ್ತು ಜನರದ್ದೋ ಆಫೀಸು. ಅಲ್ಲಿ ಕೋಡ್ ಬರೆಯುವವರೂ ನೀವೇ, ಸರ್ವರ್ ನೋಡಿಕೊಳ್ಳುವವರೂ ನೀವೇ. ಗ್ರಾಹಕರ ಫೋನ್ ಬಂದರೆ ಎತ್ತುವವರು ನೀವೇ. ವೈಫೈ ಹೋದರೂ ನಿಮ್ಮನ್ನೇ ಕೂಗುತ್ತಾರೆ. ಇನ್ನು ಕೆಲವರು ಆಸ್ಪತ್ರೆ, ಕಾಲೇಜು, ಗಾರ್ಮೆಂಟ್ ಫ್ಯಾಕ್ಟರಿಗಳಲ್ಲಿ ಇದ್ದೀರಿ. ಅಲ್ಲಂತೂ ಕರೆಂಟಿನ ವೈರು ಇರುವ ಯಾವ ವಸ್ತು ಕೆಟ್ಟರೂ ಅದು ನಿಮ್ಮ ಕೆಲಸವೇ. ಹೀಗೆ ಮೂರ್ನಾಲ್ಕು ವರ್ಷ ಕಳೆಯುತ್ತದೆ. ಆಮೇಲೆ ಒಂದು ದಿನ ರೆಸ್ಯೂಮೆ ಬರೆಯಲು ಕೂರುತ್ತೀರಿ. ಹೆಸರಿನ ಕೆಳಗಿನ ಸಾಲಿಗೆ ಬಂದಾಗ ಕೈ ನಿಂತುಬಿಡುತ್ತದೆ. ಇವತ್ತು ನಾನು ಮಾತಾಡೋದು ಆ ಒಂದು ಸಾಲಿನ ಬಗ್ಗೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಅದಕ್ಕೆ ಕಾರಣ ಕೊಡುತ್ತೇನೆ. ನಮಗೆ ಏನೇನು ಗೊತ್ತು ಅನ್ನೋ ಪಟ್ಟಿ ಮಾಡಿ, ಅದರಿಂದ ಹುದ್ದೆಯ ಹೆಸರು ತೆಗೆಯಲು ಹೋಗುತ್ತೇವೆ. ಹಾಗಾಗಿಯೇ ಅದು ಕಷ್ಟ ಆಗೋದು. ಗೊತ್ತಿರೋದು ಹದಿನೈದು ವಿಷಯ ಇರುತ್ತದೆ. ಆದರೆ ಯಾವುದು ನಿಂತರೆ ನಿಮ್ಮನ್ನೇ ಹುಡುಕುತ್ತಾರೆ, ಯಾವುದಕ್ಕೆ ನೀವೇ ಉತ್ತರ ಕೊಡಬೇಕು ಅಂತ ನೋಡಿದರೆ ಎರಡೋ ಮೂರೋ ಉಳಿಯುತ್ತವೆ. ಹೆಸರು ಇರೋದು ಅಲ್ಲಿ.

ಇದು ನಾನು ಹೊಸದಾಗಿ ಕಂಡುಹಿಡಿದದ್ದೇನೂ ಅಲ್ಲ. ಇಂಟರ್ನೆಟ್ಟಿನ ಹಳೆಯ ಹುದ್ದೆಗಳು ಹುಟ್ಟಿದ್ದೇ ಹೀಗೆ. 1982ರಲ್ಲಿ ಇಮೇಲ್‌ನ ನಿಯಮಗಳನ್ನು ಬರೆದ ಆರ್‌ಎಫ್‌ಸಿ 822 ಅನ್ನೋ ದಾಖಲೆ ಬಂತು. ಅದರಲ್ಲಿ ಒಂದು ಮಾತಿದೆ. ಇಮೇಲ್ ನಡೆಸುವ ಪ್ರತಿ ಜಾಗದಲ್ಲೂ ಪೋಸ್ಟ್‌ಮಾಸ್ಟರ್ ಅನ್ನೋ ಒಂದು ವಿಳಾಸ ಇರಲೇಬೇಕು. ಯಾಕೆ? ಅಂಚೆ ತಲುಪದಿದ್ದರೆ ಯಾರಿಗಾದರೂ ಬರೆಯಬೇಕಲ್ಲ. ಆ ಮನುಷ್ಯನ ಹೆಸರು ಹೊರಗಿನವರಿಗೆ ಗೊತ್ತಿರುವುದಿಲ್ಲ. ಆದರೆ ಆ ವಿಳಾಸಕ್ಕೆ ಬರೆದರೆ ಇಮೇಲ್ ನೋಡಿಕೊಳ್ಳುವವರಿಗೆ ತಲುಪುತ್ತದೆ ಅನ್ನೋದು ಖಚಿತ. 1997ರಲ್ಲಿ ಆರ್‌ಎಫ್‌ಸಿ 2142 ಬಂತು. ಅದು ಈ ಪಟ್ಟಿಯನ್ನು ಇನ್ನೂ ಬೆಳೆಸಿತು. ವೆಬ್‌ಸೈಟಿಗೆ ವೆಬ್‌ಮಾಸ್ಟರ್, ವೆಬ್ ಹೆಸರುಗಳನ್ನು ಅಂಕಿಯ ವಿಳಾಸಕ್ಕೆ ತಿರುಗಿಸುವ ಡಿಎನ್‌ಎಸ್‌ಗೆ ಹೋಸ್ಟ್‌ಮಾಸ್ಟರ್, ನಿಮ್ಮ ನೆಟ್‌ವರ್ಕಿನಿಂದ ಯಾರಿಗಾದರೂ ತೊಂದರೆ ಆದರೆ ಅಬ್ಯೂಸ್. ಒಂದೊಂದು ಕೆಲಸಕ್ಕೂ ಒಂದೊಂದು ವಿಳಾಸ.

ಆ ಕಾಲದ ವೆಬ್‌ಮಾಸ್ಟರ್ ಏನು ಮಾಡುತ್ತಿದ್ದರು ಅಂತ ಸ್ವಲ್ಪ ಯೋಚಿಸಿ. ಎಚ್‌ಟಿಎಂಎಲ್ ಬರೆಯಬೇಕಿತ್ತು. ಚಿತ್ರಗಳನ್ನು ಚಿಕ್ಕದು ಮಾಡಬೇಕಿತ್ತು. ಅಪಾಚೆ ಸರ್ವರ್ ನಡೆಸಬೇಕಿತ್ತು. ಪರ್ಲ್‌ನಲ್ಲಿ ಸಣ್ಣಪುಟ್ಟ ಪ್ರೋಗ್ರಾಂ ಬರೆಯಬೇಕಿತ್ತು. ಬಂದ ಪತ್ರಗಳಿಗೆ ಉತ್ತರ ಕೊಡಬೇಕಿತ್ತು. ಇವತ್ತು ಐದು ಜನಕ್ಕೆ ಹಂಚುವ ಕೆಲಸವನ್ನು ಒಬ್ಬರೇ ಮಾಡುತ್ತಿದ್ದರು. ಆದರೂ ಹೆಸರು ಒಂದೇ ಪದ, ಗೊಂದಲ ಇರಲಿಲ್ಲ. ವೆಬ್‌ಸೈಟಿನ ಜವಾಬ್ದಾರಿ ಆ ಮನುಷ್ಯನದು ಅಂತ ಹೆಸರೇ ಹೇಳುತ್ತಿತ್ತು. ಬಹುಕೌಶಲದ ಸಮಸ್ಯೆಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನಂತೂ ನೋಡಿಲ್ಲ.

ಈಗ ನಮ್ಮ ಕಡೆಯ ಒಂದು ಉದಾಹರಣೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಉತ್ತರ ಕರ್ನಾಟಕದ ಒಂದು ಪತ್ತಿನ ಸಹಕಾರ ಸಂಘದಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬರು ತಮ್ಮ ರೆಸ್ಯೂಮೆ ತೋರಿಸಲು ಬಂದಿದ್ದರು. ಬಿಸಿಎ ಮುಗಿಸಿದವರು. ನೇಮಕಾತಿ ಪತ್ರದಲ್ಲಿ ‘ಕಂಪ್ಯೂಟರ್ ಆಪರೇಟರ್’ ಅಂತ ಇದೆ. ಸಂಘದಲ್ಲಿ ಎಲ್ಲರೂ ‘ಕಂಪ್ಯೂಟರ್ ಮೇಡಂ’ ಅಂತ ಕರೆಯುತ್ತಾರೆ. ಬೇರೆ ಕೆಲಸಕ್ಕೆ ಅರ್ಜಿ ಹಾಕಿದಾಗಲೆಲ್ಲ ಡೇಟಾ ಎಂಟ್ರಿಗೇ ಕರೆ ಬರುತ್ತಿತ್ತು. ಟೈಪಿಂಗ್ ಸ್ಪೀಡ್ ಎಷ್ಟು ಅಂತ ಕೇಳುತ್ತಿದ್ದರಂತೆ.

ಅವರಿಗೆ ನಾನು ಒಂದು ಕೆಲಸ ಹೇಳಿದೆ. ಒಂದು ವಾರ ಯಾರು ಯಾರು, ಯಾಕೆ ನಿಮ್ಮನ್ನು ಕರೆದರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಏನೇನು ಕಲಿತಿದ್ದೀರಿ ಅಂತ ಬರೆಯಬೇಡಿ. ಯಾರು ಕರೆದರು, ಯಾಕೆ ಕರೆದರು, ಅಷ್ಟೇ.

ಆ ನೋಟ್‌ಬುಕ್ ನೋಡಬೇಕಿತ್ತು ನೀವು. ಬೆಳಿಗ್ಗೆ ಪಿಗ್ಮಿ ಏಜೆಂಟರು ತಮ್ಮ ಕೈಮಷಿನ್ ತಂದು ಮೇಜಿನ ಮೇಲೆ ಸಾಲಾಗಿ ಇಡುತ್ತಾರೆ. ಅವತ್ತಿನ ಖಾತೆಗಳ ಪಟ್ಟಿ ಮತ್ತು ಬಾಕಿಯನ್ನು ಪ್ರತಿ ಮಷಿನ್ನಿಗೂ ಹಾಕಿ ಕೊಡಬೇಕು. ಸಂಜೆ ಅವರು ಊರು ಸುತ್ತಿ ವಾಪಸ್ ಬಂದಾಗ ಮಷಿನ್ನಿನಲ್ಲಿರುವ ಎಂಟ್ರಿಗಳನ್ನು ಸಾಫ್ಟ್‌ವೇರ್‌ಗೆ ಎಳೆದುಕೊಳ್ಳಬೇಕು. ತಂದ ದುಡ್ಡಿಗೂ ಎಂಟ್ರಿಗೂ ತಾಳೆ ನೋಡಬೇಕು. ಆಮೇಲೆ ಶಾಖೆಗಳಿಂದ ಲೆಕ್ಕ ಬಂದಿದೆಯಾ ಅಂತ ನೋಡಿ ಡೇ ಎಂಡ್, ಅಂದರೆ ಅವತ್ತಿನ ಲೆಕ್ಕ ಮುಚ್ಚುವ ಕೆಲಸ, ಮಾಡಬೇಕು. ಡೇ ಎಂಡ್ ಆಗದಿದ್ದರೆ ಮರುದಿನ ಕೌಂಟರ್ ತೆರೆಯುವ ಹಾಗಿಲ್ಲ. ಅದಾದ ಮೇಲೆ ಬ್ಯಾಕಪ್. ಒಂದು ಪ್ರತಿ ಸರ್ವರ್‌ನಲ್ಲಿ, ಇನ್ನೊಂದು ಪ್ರತಿ ಹಾರ್ಡ್ ಡಿಸ್ಕ್‌ನಲ್ಲಿ. ಆ ಡಿಸ್ಕ್ ಹೋಗೋದು ತಿಜೋರಿಯೊಳಗೆ. ಮಧ್ಯೆ ಒಂದು ಶಾಖೆಯ ಲಿಂಕ್ ಹೋಗಿತ್ತು. ಸಾಲದ ಸುಸ್ತಿದಾರರ ಪಟ್ಟಿ ಬೇಕು ಅಂತ ಕಾರ್ಯದರ್ಶಿಗಳು ಕೇಳಿದ್ದರು. ಸಾಫ್ಟ್‌ವೇರ್‌ನಲ್ಲಿ ಆ ರಿಪೋರ್ಟ್ ಅವರಿಗೆ ಬೇಕಾದ ರೀತಿಯಲ್ಲಿ ಬರುತ್ತಿರಲಿಲ್ಲ. ಈಕೆ ಡೇಟಾಬೇಸಿನಿಂದ ಮಾಹಿತಿ ಕೇಳುವ ಎಸ್‌ಕ್ಯುಎಲ್ ಕ್ವೆರಿ ಬರೆದು ತೆಗೆದುಕೊಟ್ಟಿದ್ದರು. ಪ್ರಿಂಟರಿನ ಟೋನರ್, ನೋಟಿಸ್ ಟೈಪ್ ಮಾಡೋದು, ಅಧ್ಯಕ್ಷರ ಮೊಬೈಲಿಗೆ ಆ್ಯಪ್ ಹಾಕಿಕೊಡೋದು, ಇವೂ ಆ ಪಟ್ಟಿಯಲ್ಲಿದ್ದವು.

ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದೇ ಪ್ರಶ್ನೆ ಕೇಳಿದೆ. ಇದರಲ್ಲಿ ಯಾವುದು ನಿಂತರೆ ಸಂಘ ನಾಳೆ ಬಾಗಿಲು ತೆರೆಯೋದಿಲ್ಲ? ಅವರು ಯೋಚನೆ ಮಾಡಲೇ ಇಲ್ಲ. ಸರ್ವರ್, ಡೇ ಎಂಡ್, ಬ್ಯಾಕಪ್, ಶಾಖೆಗಳ ಲಿಂಕ್, ಪಿಗ್ಮಿ ಡೇಟಾ, ಇಷ್ಟಕ್ಕೆ ಗುರುತು ಹಾಕಿದರು. ಟೋನರ್ ಯಾರು ಬೇಕಾದರೂ ಹಾಕಬಹುದು ಸರ್ ಅಂದರು. ಅಷ್ಟು ಹೊತ್ತಿಗೆ ಉತ್ತರ ಕಣ್ಣ ಮುಂದೆ ಇತ್ತು. ಇದು ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಕೆಲಸ. ವರ್ಷಗಟ್ಟಲೆ ಅದೇ ಕೆಲಸ ಮಾಡುತ್ತಿದ್ದಾರೆ, ಹೆಸರು ಮಾತ್ರ ಬೇರೆ.

ಅವರಿಗೆ ‘ಡೇಟಾಬೇಸ್ ಅಡ್ಮಿನಿಸ್ಟ್ರೇಟರ್’ ಅನ್ನೋ ಹೆಸರಿನ ಮೇಲೆ ಮನಸ್ಸಿತ್ತು. ಎಸ್‌ಕ್ಯುಎಲ್ ಅಂದರೆ ಅವರಿಗೆ ತುಂಬಾ ಇಷ್ಟ. ಇಬ್ಬರೂ ಕೂತು ಆ ಹುದ್ದೆಯ ಜಾಹೀರಾತುಗಳನ್ನು ಓದಿದೆವು. ಬ್ಯಾಕಪ್ ತೆಗೆಯೋದು, ಅದನ್ನು ವಾಪಸ್ ಹಾಕೋದು, ಯೂಸರ್‌ಗಳಿಗೆ ಅನುಮತಿ ಕೊಡೋದು, ಕ್ವೆರಿ ಬರೆಯೋದು, ಇವೆಲ್ಲ ಅವರು ಮಾಡಿದ್ದರು. ರೆಪ್ಲಿಕೇಶನ್ (ಡೇಟಾಬೇಸಿನ ಪ್ರತಿಯನ್ನು ಬೇರೆ ಸರ್ವರ್‌ನಲ್ಲೂ ನಡೆಸೋದು), ಪರ್ಫಾರ್ಮೆನ್ಸ್ ಟ್ಯೂನಿಂಗ್ (ಅದರ ವೇಗ ಹೆಚ್ಚಿಸೋದು) ಮುಟ್ಟಿರಲಿಲ್ಲ. ಹಾಗಾಗಿ ಮೇಲಿನ ಸಾಲು ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಅಂತಲೇ ಇರಲಿ ಅಂತ ತೀರ್ಮಾನ ಆಯಿತು. ಅದರ ಕೆಳಗೆ ಒಂದು ವಾಕ್ಯ: ‘ನಾಲ್ಕು ಶಾಖೆಗಳ ಪತ್ತಿನ ಸಂಘದ ಸರ್ವರ್, ಎಸ್‌ಕ್ಯುಎಲ್ ಡೇಟಾಬೇಸ್, ಬ್ಯಾಕಪ್ ಮತ್ತು ಶಾಖೆಗಳ ನೆಟ್‌ವರ್ಕ್ ಜವಾಬ್ದಾರಿ.’ ಅನುಭವದ ಪಟ್ಟಿಯಲ್ಲಿ ಮಾತ್ರ ಸಂಘ ಕೊಟ್ಟ ‘ಕಂಪ್ಯೂಟರ್ ಆಪರೇಟರ್’ ಅನ್ನೋ ಹೆಸರನ್ನು ಹಾಗೇ ಉಳಿಸಿದೆವು. ಅದು ಯಾಕೆ ಅನ್ನೋದಕ್ಕೆ ಆಮೇಲೆ ಬರುತ್ತೇನೆ. ಈ ರೆಸ್ಯೂಮೆ ಕಳಿಸಿದ ಮೇಲೆ ಬಂದ ಕರೆಗಳಲ್ಲಿ ಟೈಪಿಂಗ್ ಸ್ಪೀಡ್ ಕೇಳಲಿಲ್ಲ. ಯಾವ ಸರ್ವರ್, ಎಷ್ಟು ಬಳಕೆದಾರರು, ಬ್ಯಾಕಪ್ ವಾಪಸ್ ಹಾಕಿ ನೋಡಿದ್ದೀರಾ ಅಂತ ಕೇಳಿದರು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಹೀಗೆ ಕೆಲಸಕ್ಕಿಂತ ಚಿಕ್ಕ ಹೆಸರು ಇಟ್ಟುಕೊಂಡು ಬರುವವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ ಅನ್ನೋದು ನಾನು ಕಂಡದ್ದು. ಹುಡುಗರು ಮಾಡಿದ್ದಕ್ಕಿಂತ ಒಂದು ಮೆಟ್ಟಿಲು ಮೇಲಿನ ಹೆಸರು ಬರೆದುಕೊಂಡು ಬರುತ್ತಾರೆ. ಹೆಣ್ಣುಮಕ್ಕಳು ‘ಕೋಆರ್ಡಿನೇಟರ್’, ‘ಅಸಿಸ್ಟೆಂಟ್’, ‘ಸಪೋರ್ಟ್’ ಅಂತ ಬರೆದುಕೊಂಡು ಬರುತ್ತಾರೆ. ಕೇಳಿದರೆ, ಎಲ್ಲಾ ಮಾಡುತ್ತೇನೆ ಸರ್, ಆದರೆ ಅಷ್ಟು ದೊಡ್ಡ ಹೆಸರು ಬೇಡ ಅನ್ನುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಾಡುವ ಕೆಲಸದ ಹೆಸರು ಹೇಳೋದು ಜಂಬ ಅಲ್ಲ. ಆ ಚಿಕ್ಕ ಹೆಸರಿನ ಮೇಲೆಯೇ ಸಂಬಳ ನಿಗದಿ ಆಗುತ್ತದೆ. ಮುಂದಿನ ಕಂಪನಿಯ ಸಂಬಳವೂ ಅದರ ಮೇಲೆಯೇ ನಿಲ್ಲುತ್ತದೆ.

ಗ್ರಾಮ ಪಂಚಾಯಿತಿಗಳಲ್ಲೂ ಇದೇ ಕಥೆ. ಅಲ್ಲಿರುವ ಹುದ್ದೆಯ ಹೆಸರು ‘ಕ್ಲರ್ಕ್ ಕಂ ಡೇಟಾ ಎಂಟ್ರಿ ಆಪರೇಟರ್’. ಅವರು ಪಂಚಾಯಿತಿ ಲೆಕ್ಕದ ‘ಪಂಚತಂತ್ರ’ ಸಾಫ್ಟ್‌ವೇರ್ ನೋಡಬೇಕು, ಆಸ್ತಿ ದಾಖಲೆಯ ಇ-ಸ್ವತ್ತು ನೋಡಬೇಕು, ಉದ್ಯೋಗ ಖಾತ್ರಿಯ ಎಂಟ್ರಿ ಮಾಡಬೇಕು. ಸರ್ವರ್ ನಿಧಾನ ಆದರೆ ಜನರ ಬೈಗುಳವೂ ಅವರಿಗೇ. ಸರ್ಕಾರಿ ಹುದ್ದೆಯ ಹೆಸರನ್ನು ಅವರು ಬದಲಿಸಲು ಆಗೋದಿಲ್ಲ, ಅದು ನಿಯಮದಲ್ಲಿ ಬರುವುದು. ಆದರೆ ಅದರ ಕೆಳಗಿನ ವಾಕ್ಯ ಅವರದ್ದೇ. ಅದನ್ನು ಯಾರೂ ಕಸಿದುಕೊಳ್ಳೋದಿಲ್ಲ.

‘ಕಂ’ ಅಂದ ಕೂಡಲೇ ನಿಮಗೆ ಒಂದು ಆಲೋಚನೆ ಬಂದಿರಬಹುದು. ಎರಡು ಕೆಲಸ ಮಾಡುತ್ತೇನೆ, ಎರಡೂ ಹೆಸರು ಸೇರಿಸಿದರೆ ಆಯಿತಲ್ಲ ಅಂತ. ನಮ್ಮ ಸಾರಿಗೆ ನಿಗಮದಲ್ಲಿ ಚಾಲಕ ಕಂ ನಿರ್ವಾಹಕ ಅನ್ನೋ ಹುದ್ದೆ ಇದೆ. ಆ ಹುದ್ದೆಗೆ ಹೋಗುವವರ ಹತ್ತಿರ ಭಾರಿ ವಾಹನ ಓಡಿಸುವ ಲೈಸೆನ್ಸೂ ಇರಬೇಕು, ನಿರ್ವಾಹಕರ ಲೈಸೆನ್ಸೂ ಇರಬೇಕು. ಒಂದು ದಿನ ಬರೀ ಸ್ಟಿಯರಿಂಗ್ ಕೊಟ್ಟರೂ ಸೈ, ಬರೀ ಟಿಕೆಟ್ ಮಷಿನ್ ಕೊಟ್ಟರೂ ಸೈ. ನಿಮ್ಮ ಜೋಡಿ ಹೆಸರನ್ನೂ ಹೀಗೇ ಪರೀಕ್ಷೆ ಮಾಡಿ. ‘ಡೆವಲಪರ್ ಮತ್ತು ನೆಟ್‌ವರ್ಕ್ ಎಂಜಿನಿಯರ್’ ಅಂತ ಬರೆದರೆ, ನಾಳೆಯಿಂದ ಬರೀ ನೆಟ್‌ವರ್ಕ್ ಕೆಲಸ ಮಾಡಿ ಅಂದರೆ ನಿಲ್ಲುತ್ತೀರಾ? ಸ್ವಿಚ್, ರೂಟರ್, ಫೈರ್‌ವಾಲ್ ಬಗ್ಗೆ ಒಂದು ಗಂಟೆ ಕೂರಿಸಿ ಪ್ರಶ್ನೆ ಕೇಳಿದರೆ ಉತ್ತರ ಇದೆಯಾ? ಇದ್ದರೆ ಧಾರಾಳವಾಗಿ ಬರೆಯಿರಿ. ಇಲ್ಲದಿದ್ದರೆ ಆ ಅರ್ಧವನ್ನು ಕೆಳಗಿನ ವಾಕ್ಯಕ್ಕೆ ಇಳಿಸಿ.

ಬೆಂಗಳೂರಿನ ಸ್ಟಾರ್ಟಪ್‌ಗಳ ಹುಡುಗರು ಇಲ್ಲೇ ಸಿಕ್ಕಿಬೀಳುತ್ತಾರೆ. ಒಬ್ಬ ಹುಡುಗನ ಲಿಂಕ್ಡ್‌ಇನ್ ಸಾಲಿನಲ್ಲಿ ಫುಲ್ ಸ್ಟಾಕ್, ಡೆವ್‌ಆಪ್ಸ್, ಡೇಟಾ, ಕ್ಲೌಡ್, ಮೊಬೈಲ್ ಎಲ್ಲಾ ಇತ್ತು. ಮಧ್ಯೆ ಮಧ್ಯೆ ಒಂದೊಂದು ಅಡ್ಡಗೆರೆ. ಸುಳ್ಳು ಒಂದೂ ಇರಲಿಲ್ಲ, ಎಲ್ಲವನ್ನೂ ಮಾಡಿದ್ದ. ಆದರೆ ಇಂಟರ್‌ವ್ಯೂನಲ್ಲಿ ಒಬ್ಬರು ವೆಬ್ ಪರದೆ ಕಟ್ಟುವ ರಿಯಾಕ್ಟ್‌ನ ಆಳಕ್ಕೆ ಇಳಿದರು, ಇನ್ನೊಬ್ಬರು ಸರ್ವರ್‌ಗಳಲ್ಲಿ ಅಪ್ಲಿಕೇಶನ್ ನಡೆಸುವ ಕುಬರ್‌ನೆಟಿಸ್ ಹಿಡಿದುಕೊಂಡರು. ಐದೂ ವಿಷಯದಲ್ಲಿ ಐದೂ ಪರಿಣತರ ಜೊತೆ ಹೋಲಿಕೆ ಆಗಿ, ಐದರಲ್ಲೂ ಸಾಧಾರಣ ಅನ್ನಿಸಿಕೊಂಡ. ಅವನ ಕಂಪನಿಯಲ್ಲಿ ರಾತ್ರಿ ಅವನಿಗೆ ಫೋನ್ ಬರುತ್ತಿದ್ದದ್ದು ಒಂದೇ ಕಾರಣಕ್ಕೆ. ಗ್ರಾಹಕರ ಯುಪಿಐ ಹಣ ಕಟ್ ಆಗಿದೆ, ಆರ್ಡರ್ ಬಿದ್ದಿಲ್ಲ. ಹಣ ಹೋದದ್ದು ನಿಜವಾ, ನಮ್ಮ ಕಡೆ ದಾಖಲಾಗಿದೆಯಾ, ವಾಪಸ್ ಹೋಗಬೇಕಾ, ಇದನ್ನು ಬಿಡಿಸುವ ಕೋಡ್ ಅವನದ್ದು. ಈಗ ಅವನ ಸಾಲು ‘ಬ್ಯಾಕೆಂಡ್ ಎಂಜಿನಿಯರ್, ಪೇಮೆಂಟ್ಸ್’. ಉಳಿದದ್ದೆಲ್ಲ ಕೆಳಗೆ ಇದೆ, ಬೇಕಾದವರು ಓದುತ್ತಾರೆ.

ಗಮನಿಸಿ, ಆ ಹೆಸರಿನಲ್ಲಿ ಎರಡೇ ಭಾಗ ಇದೆ. ಎಲ್ಲರಿಗೂ ಗೊತ್ತಿರುವ ಒಂದು ಹಳೆಯ ಹುದ್ದೆ, ಜೊತೆಗೆ ಒಂದು ಕ್ಷೇತ್ರ. ನನಗೆ ಈ ರೂಪ ತುಂಬಾ ಹಿಡಿಸುತ್ತದೆ.

ಫುಲ್ ಸ್ಟಾಕ್ ಅನ್ನೋದು ತಪ್ಪು ಹೆಸರು ಅಂತ ನಾನು ಹೇಳುತ್ತಿಲ್ಲ. ವೆಬ್ ಅಪ್ಲಿಕೇಶನ್ನಿನ ಮುಂದಿನ ಪರದೆಯನ್ನೂ ಹಿಂದಿನ ಸರ್ವರ್ ಕೋಡನ್ನೂ ಬರೆಯುವವರಿಗೆ ಅದು ಸರಿಯಾದ ಹೆಸರೇ. ಅದರೊಳಗೆ ಪ್ರಿಂಟರ್, ಫೈರ್‌ವಾಲ್, ಬಯೋಮೆಟ್ರಿಕ್ ಹಾಜರಾತಿ ಮಷಿನ್ ತುಂಬಲು ಹೋಗಬೇಡಿ, ಅಷ್ಟೇ.

ಹೊಸ ಹೆಸರುಗಳ ಬಗ್ಗೆ ಈಗ. ಪ್ರತಿಯೊಂದಕ್ಕೂ ಒಂದು ಹುಟ್ಟು ಇದೆ, ಅದನ್ನು ತಿಳಿದುಕೊಂಡರೆ ಅದು ನಮಗೆ ಒಪ್ಪುತ್ತದಾ ಅಂತ ಹೇಳೋದು ಸುಲಭ. ಡೆವ್‌ಆಪ್ಸ್ ತೆಗೆದುಕೊಳ್ಳಿ. 2009ರಲ್ಲಿ ಬೆಲ್ಜಿಯಂನ ಗೆಂಟ್ ಊರಿನಲ್ಲಿ ಪ್ಯಾಟ್ರಿಕ್ ದೆಬ್ವಾ ಅನ್ನುವವರು ಡೆವ್‌ಆಪ್ಸ್ ಡೇಸ್ ಅಂತ ಒಂದು ಸಭೆ ಕರೆದರು. ಕೋಡ್ ಬರೆಯುವವರು ಒಂದು ಕಡೆ, ಸರ್ವರ್ ನಡೆಸುವವರು ಇನ್ನೊಂದು ಕಡೆ ಕೂತು ಒಬ್ಬರನ್ನೊಬ್ಬರು ದೂರುವುದು ಬಿಡಬೇಕು, ಒಟ್ಟಿಗೆ ಕೆಲಸ ಮಾಡಬೇಕು ಅನ್ನೋದು ಅಲ್ಲಿನ ಮಾತು. ಅದು ಒಂದು ಕೆಲಸದ ರೀತಿ. ಆಮೇಲೆ ಕಂಪನಿಗಳು ಅದನ್ನೇ ಹುದ್ದೆ ಮಾಡಿಕೊಂಡವು. ಈಗ ಡೆವ್‌ಆಪ್ಸ್ ಎಂಜಿನಿಯರ್ ಅಂದರೆ ಕೋಡನ್ನು ಪರೀಕ್ಷೆ ಮಾಡಿ ಸರ್ವರ್‌ಗೆ ತಲುಪಿಸುವ ದಾರಿ ಕಟ್ಟುವವರು, ಕ್ಲೌಡ್ ನಿರ್ವಹಿಸುವವರು ಅನ್ನೋ ಅರ್ಥ ಬಳಕೆಯಲ್ಲಿ ಇದೆ. ನೀವು ಅದನ್ನು ಕಟ್ಟಿದ್ದರೆ ಆ ಹೆಸರು ನಿಮ್ಮದು.

ಸೈಟ್ ರಿಲಯಬಿಲಿಟಿ ಎಂಜಿನಿಯರ್, ಅಂದರೆ ಎಸ್‌ಆರ್‌ಇ, ಇನ್ನೂ ಗಟ್ಟಿಯಾದ ಹೆಸರು. ಗೂಗಲ್‌ನಲ್ಲಿ 2003ರಲ್ಲಿ ಬೆನ್ ಟ್ರೇನರ್ ಅನ್ನುವವರು ಆ ತಂಡ ಶುರು ಮಾಡಿದರು. ಅಲ್ಲಿ ಒಂದು ನಿಯಮ ಇಟ್ಟರು. ಟಿಕೆಟ್, ಅಂದರೆ ದಾಖಲಾದ ದೂರುಗಳನ್ನು ಬಿಡಿಸೋದು, ಕೈಯಾರೆ ಮಾಡುವ ರಿಪೇರಿ, ಇಂಥದ್ದು ಅರ್ಧ ಸಮಯಕ್ಕಿಂತ ಹೆಚ್ಚು ಇರಬಾರದು. ಉಳಿದ ಅರ್ಧದಲ್ಲಿ ಆ ಕೆಲಸವೇ ಮತ್ತೆ ಬಾರದ ಹಾಗೆ ಸಾಫ್ಟ್‌ವೇರ್ ಬರೆಯಬೇಕು. ಈಗ ನಿಮ್ಮ ದಿನವನ್ನು ಅದರ ಪಕ್ಕ ಇಟ್ಟು ನೋಡಿ. ದಿನವಿಡೀ ಟಿಕೆಟ್ ಮುಚ್ಚುವವರಿಗೆ ಕಂಪನಿ ಎಸ್‌ಆರ್‌ಇ ಅಂತ ಹೆಸರು ಕೊಟ್ಟಿದ್ದರೆ ಖುಷಿಯಾಗಿ ಇಟ್ಟುಕೊಳ್ಳಿ. ಆದರೆ ಮುಂದಿನ ಇಂಟರ್‌ವ್ಯೂನಲ್ಲಿ ನೀವು ಬರೆದ ಸಾಫ್ಟ್‌ವೇರ್ ಬಗ್ಗೆ ಕೇಳುತ್ತಾರೆ, ಅದಕ್ಕೆ ಈಗಿನಿಂದಲೇ ಏನಾದರೂ ಬರೆದಿಡಿ.

ಡೇಟಾ ಸೈಂಟಿಸ್ಟ್ ಹೆಸರಂತೂ ನಮ್ಮ ಇವತ್ತಿನ ಪ್ರಶ್ನೆಗೇ ಹುಟ್ಟಿದ ಉತ್ತರ. 2008ರ ಸುಮಾರಿಗೆ ಲಿಂಕ್ಡ್‌ಇನ್‌ನಲ್ಲಿ ಡಿ.ಜೆ. ಪಾಟೀಲ್, ಫೇಸ್‌ಬುಕ್‌ನಲ್ಲಿ ಜೆಫ್ ಹ್ಯಾಮರ್‌ಬಾಕರ್ ಇದ್ದರು. ಅವರ ತಂಡಗಳಲ್ಲಿ ಸಂಖ್ಯಾಶಾಸ್ತ್ರ ಗೊತ್ತಿದ್ದು, ಕೋಡೂ ಬರೆದು, ಅದರಿಂದ ಉತ್ಪನ್ನವನ್ನೂ ಮಾಡುವ ಜನ ಇದ್ದರು. ಏನಂತ ಕರೆಯೋದು? ಅನಲಿಸ್ಟ್ ಅಂದರೆ ಕೆಲಸ ಚಿಕ್ಕದಾಗಿ ಕಾಣುತ್ತದೆ. ರಿಸರ್ಚ್ ಸೈಂಟಿಸ್ಟ್ ಅಂದರೆ ಎಲ್ಲೋ ದೂರದ ಲ್ಯಾಬಿನಲ್ಲಿ ಕೂತವರ ಹಾಗೆ ಕೇಳಿಸುತ್ತದೆ. ಹಾಗೆ ಬಂದದ್ದು ಡೇಟಾ ಸೈಂಟಿಸ್ಟ್. 2015ರಲ್ಲಿ ಅಮೆರಿಕ ಸರ್ಕಾರದ ಮೊದಲ ಮುಖ್ಯ ಡೇಟಾ ಸೈಂಟಿಸ್ಟ್ ಆದವರು ಇದೇ ಪಾಟೀಲ್. ಇಲ್ಲೂ ಅದೇ ರೂಪ ನೋಡಿ: ಸೈಂಟಿಸ್ಟ್ ಅನ್ನೋದು ಹಳೆಯ ಪದ, ಡೇಟಾ ಅನ್ನೋದು ಕ್ಷೇತ್ರ.

ಇದಕ್ಕೆ ಪೂರ್ತಿ ಉಲ್ಟಾ ದಾರಿ ಹಿಡಿದವರು ಅಮೆರಿಕದ ಹೆಸರಾಂತ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನವರು. ಅಲ್ಲಿ ಭೌತವಿಜ್ಞಾನಿಯೂ ‘ಮೆಂಬರ್ ಆಫ್ ಟೆಕ್ನಿಕಲ್ ಸ್ಟಾಫ್’, ಯುನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಬರೆದ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿಯೂ ಅದೇ. ನೀನು ಇಷ್ಟೇ ಮಾಡು ಅಂತ ಹೆಸರು ಕಟ್ಟಿಹಾಕಲಿಲ್ಲ. ಇವತ್ತೂ ಕೆಲವು ಕಂಪನಿಗಳು ಈ ಹೆಸರು ಬಳಸುತ್ತವೆ, ಬೆಂಗಳೂರಿನಲ್ಲೂ ಇದ್ದಾರೆ. ಒಳಗಿರುವವರಿಗೆ ಇದು ದೊಡ್ಡ ಸ್ವಾತಂತ್ರ್ಯ. ಆದರೆ ಹೆಸರಿನ ಪಕ್ಕ ಬೆಲ್ ಲ್ಯಾಬ್ಸ್ ಅಂತ ಇದ್ದದ್ದರಿಂದ ಅದಕ್ಕೆ ತೂಕ ಬಂತು ಅನ್ನೋದನ್ನು ಮರೆಯಬೇಡಿ. ಹತ್ತು ಜನರ ಕಂಪನಿಯಿಂದ ಬರುವವರಿಗೆ ಈ ಹೆಸರು ಏನೂ ಸಹಾಯ ಮಾಡೋದಿಲ್ಲ.

ದೊಡ್ಡ ಸೇವಾ ಕಂಪನಿಗಳಲ್ಲಿ ಇರುವವರಿಗೆ ಬೇರೆ ತರಹದ ತೊಂದರೆ. ಇಲ್ಲೇ ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್ಸಿನಲ್ಲಿ ತರಬೇತಿ ಮುಗಿಸಿದವರು ಸಿಸ್ಟಮ್ಸ್ ಎಂಜಿನಿಯರ್ ಅಂತ ಶುರು ಮಾಡುತ್ತಾರೆ. ಟಿಸಿಎಸ್‌ನಲ್ಲಿ ಅಸಿಸ್ಟೆಂಟ್ ಸಿಸ್ಟಮ್ ಎಂಜಿನಿಯರ್, ವಿಪ್ರೋದಲ್ಲಿ ಪ್ರಾಜೆಕ್ಟ್ ಎಂಜಿನಿಯರ್. ಇವು ಮೆಟ್ಟಿಲಿನ ಹೆಸರುಗಳು. ಜಾವಾ ಬರೆಯುವವರೂ, ಟೆಸ್ಟಿಂಗ್ ಮಾಡುವವರೂ, ಮೇನ್‌ಫ್ರೇಮ್ ನೋಡುವವರೂ ಒಂದೇ ಮೆಟ್ಟಿಲಿನಲ್ಲಿ ಇರುತ್ತಾರೆ. ಬೇರೆ ಕಡೆ ಸಿಸ್ಟಮ್ಸ್ ಎಂಜಿನಿಯರ್ ಅಂದರೆ ಸರ್ವರ್ ನೋಡಿಕೊಳ್ಳುವವರು ಅಂತ ತಿಳಿದುಕೊಳ್ಳುವವರೂ ಇದ್ದಾರೆ. ಹಾಗಾಗಿ ನೀವು ಎರಡನ್ನೂ ಬರೆಯಬೇಕು. ಮೊದಲು ಕಂಪನಿ ಕೊಟ್ಟ ಹೆಸರು, ಪಕ್ಕದಲ್ಲಿ ಮಾಡುವ ಕೆಲಸ.

ಕಂಪನಿ ಕೊಟ್ಟ ಹೆಸರನ್ನು ಯಾಕೆ ಅಳಿಸಬಾರದು ಅಂತ ಆಮೇಲೆ ಹೇಳುತ್ತೇನೆ ಅಂದಿದ್ದೆ. ಹೊಸ ಕಂಪನಿ ನಿಮ್ಮ ಹಿನ್ನೆಲೆ ಪರಿಶೀಲನೆ ಮಾಡಿಸುತ್ತದೆ. ಅವರು ಹಳೆಯ ಕಂಪನಿಯ ಎಚ್‌ಆರ್‌ಗೆ ಬರೆದು ಸೇರಿದ ದಿನ, ಬಿಟ್ಟ ದಿನ, ಹುದ್ದೆಯ ಹೆಸರು ಕೇಳುತ್ತಾರೆ. ರೆಸ್ಯೂಮೆಯಲ್ಲಿ ಒಂದು, ಎಕ್ಸ್‌ಪೀರಿಯನ್ಸ್ ಲೆಟರ್‌ನಲ್ಲಿ ಇನ್ನೊಂದು ಇದ್ದರೆ ಅದಕ್ಕೆ ಕೆಂಪು ಗುರುತು ಬೀಳುತ್ತದೆ. ಕೆಲಸ ನಿಜವಾಗಿ ಮಾಡಿದ್ದರೂ ವಿವರಣೆ ಕೊಡುವ ಸ್ಥಿತಿ ನಿಮಗೆ ಬರುತ್ತದೆ. ಮೇಲಿನ ಸಾಲು ನಿಮ್ಮ ಆಯ್ಕೆ. ಅನುಭವದ ಪಟ್ಟಿಯಲ್ಲಿರುವುದು ದಾಖಲೆ. ಇವೆರಡನ್ನೂ ಬೆರೆಸಬೇಡಿ.

ಹೊರದೇಶಕ್ಕೆ ಹೋಗುವ ಯೋಚನೆ ಇರುವವರು ಇದನ್ನು ಕಿವಿಗೊಟ್ಟು ಕೇಳಿ. ಕೆನಡಾದವರ ಹತ್ತಿರ ಎನ್‌ಒಸಿ ಅನ್ನೋ ಉದ್ಯೋಗಗಳ ಪಟ್ಟಿ ಇದೆ. ಅದರಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಮತ್ತು ಡಿಸೈನರ್‌ಗಳಿಗೆ 21231, ಡೆವಲಪರ್ ಮತ್ತು ಪ್ರೋಗ್ರಾಮರ್‌ಗಳಿಗೆ 21232. ವಲಸೆಯ ಅರ್ಜಿ ನೋಡುವಾಗ ಅವರು ಹುದ್ದೆಯ ಹೆಸರನ್ನಷ್ಟೇ ನಂಬಿ ಕೂರುವುದಿಲ್ಲ. ಆ ಸಂಖ್ಯೆಯ ಕೆಳಗೆ ಬರೆದಿರುವ ಕೆಲಸಗಳನ್ನು ನೀವು ಮಾಡಿದ್ದೀರಾ ಅಂತ ನಿಮ್ಮ ಕಂಪನಿಯ ಪತ್ರದಲ್ಲಿ ಹುಡುಕುತ್ತಾರೆ. ಆದ್ದರಿಂದ ಬರೀ ಹೆಸರು ಮತ್ತು ದಿನಾಂಕ ಇರುವ ಪತ್ರ ಸಾಕಾಗೋದಿಲ್ಲ. ಏನೇನು ಮಾಡುತ್ತಿದ್ದರು ಅಂತ ನಾಲ್ಕೈದು ಸಾಲು ಬರೆಸಿಕೊಳ್ಳಿ. ಕೆಲಸ ಬಿಟ್ಟು ಎರಡು ವರ್ಷ ಆದ ಮೇಲೆ ಹೋಗಿ ಕೇಳಿದರೆ ನಿಮ್ಮ ಮ್ಯಾನೇಜರ್ ಅಲ್ಲಿ ಇರುವುದಿಲ್ಲ. ಕೊನೆಯ ದಿನಕ್ಕೂ ಮೊದಲೇ ಕೇಳಿ.

ಅದೇ ಕೆನಡಾದಲ್ಲಿ ‘ಎಂಜಿನಿಯರ್’ ಅನ್ನೋದು ಸುಮ್ನೆ ಇಟ್ಟುಕೊಳ್ಳುವ ಹೆಸರಲ್ಲ. ಲೈಸೆನ್ಸ್ ಪಡೆದವರಿಗೆ ಮೀಸಲಾದ ಹೆಸರು, ಒಂದೊಂದು ಪ್ರಾಂತ್ಯಕ್ಕೂ ಅದರದ್ದೇ ಕಾನೂನು ಇದೆ. ಆಲ್ಬರ್ಟಾ ಪ್ರಾಂತ್ಯದಲ್ಲಿ ಸಾಫ್ಟ್‌ವೇರ್ ಕಂಪನಿಗಳಿಗೂ ಎಂಜಿನಿಯರುಗಳ ನಿಯಂತ್ರಣ ಸಂಸ್ಥೆಗೂ ಇದರ ಮೇಲೆ ದೊಡ್ಡ ಜಗಳವೇ ಆಯಿತು. 2023ರಲ್ಲಿ ಅಲ್ಲಿನ ಸರ್ಕಾರ ಕಾನೂನು ತಿದ್ದಿ, ಸಾಫ್ಟ್‌ವೇರ್ ಎಂಜಿನಿಯರ್ ಅನ್ನೋ ಹೆಸರನ್ನು ಲೈಸೆನ್ಸ್ ಇಲ್ಲದವರೂ ಬಳಸಬಹುದು ಅಂತ ಮಾಡಿತು. ನಮ್ಮಲ್ಲಿ ಆ ಕಟ್ಟುಪಾಡು ಇಲ್ಲ. ಅಲ್ಲಿಗೆ ಹೋದ ಮೇಲೆ ವಿಸಿಟಿಂಗ್ ಕಾರ್ಡ್ ಮಾಡಿಸುವ ಮೊದಲು ವಿಚಾರಿಸಿ.

ನಮ್ಮ ದೇಶಕ್ಕೂ ಇಂಥ ಪಟ್ಟಿ ಇದೆ ಅನ್ನೋದು ತುಂಬಾ ಜನಕ್ಕೆ ಗೊತ್ತಿಲ್ಲ. ಕೇಂದ್ರ ಕಾರ್ಮಿಕ ಇಲಾಖೆಯ ರಾಷ್ಟ್ರೀಯ ಉದ್ಯೋಗ ವರ್ಗೀಕರಣ, 2015ರದು. ಅಂತರರಾಷ್ಟ್ರೀಯ ಪಟ್ಟಿಗೆ ಹೊಂದಿಸಿ ಮಾಡಿದ್ದಾರೆ. ಅದರ ಗುಂಪುಗಳಲ್ಲಿ 2512 ಸಾಫ್ಟ್‌ವೇರ್ ಡೆವಲಪರ್‌ಗಳು, 2521 ಡೇಟಾಬೇಸ್‌ನವರು, 2522 ಸಿಸ್ಟಮ್ ಅಡ್ಮಿನಿಸ್ಟ್ರೇಟರ್‌ಗಳು, 2523 ನೆಟ್‌ವರ್ಕ್‌ನವರು. ಹೆಸರು ಹೊಳೆಯದಿದ್ದಾಗ ಈ ನಾಲ್ಕು ಗುಂಪುಗಳ ವಿವರಣೆ ಓದಿ. ನಿಮ್ಮ ವಾರದ ಪಟ್ಟಿ ಯಾವುದಕ್ಕೆ ಜಾಸ್ತಿ ಹೊಂದುತ್ತದೆ ಅಂತ ಅಲ್ಲೇ ಗೊತ್ತಾಗಿಬಿಡುತ್ತದೆ.

ಆಸ್ಪತ್ರೆ, ಫ್ಯಾಕ್ಟರಿಗಳಲ್ಲಿ ಇರುವವರಿಗೆ ಒಂದು ಮಾತು. ನೀವು ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆಯ ಒಪ್ಪಂದ ನೋಡುತ್ತೀರಾ? ಕಂಪ್ಯೂಟರ್ ಖರೀದಿಗೆ ಮೂರು ಕೊಟೇಶನ್ ತರಿಸಿ ಯಾವುದು ಅಂತ ಹೇಳುವವರು ನೀವೇನಾ? ಸಾಫ್ಟ್‌ವೇರ್ ಕಂಪನಿಯವರ ಜೊತೆ ಜಗಳ ಆಡುವವರು ನೀವೇನಾ? ಹಾಗಾದರೆ ‘ಐಟಿ ಮ್ಯಾನೇಜರ್’ ಅನ್ನೋದು ನಿಮಗೆ ಸರಿಯಾದ ಹೆಸರು, ಕೈಕೆಳಗೆ ಒಬ್ಬರೂ ಇಲ್ಲದಿದ್ದರೂ. ಕೆಲವರಿಗೆ ಮ್ಯಾನೇಜರ್ ಅಂತ ಆದರೆ ಕಾರ್ಮಿಕ ಕಾನೂನಿನ ರಕ್ಷಣೆ ಹೋಗುತ್ತದೆ ಅನ್ನೋ ಹೆದರಿಕೆ ಇದೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಕೆಳಗೆ ಬಂದ ಪ್ರಕರಣಗಳಲ್ಲಿ ನ್ಯಾಯಾಲಯಗಳು ಬರೀ ಹುದ್ದೆಯ ಹೆಸರು ನೋಡಿ ತೀರ್ಪು ಕೊಡಲಿಲ್ಲ. ಆ ಮನುಷ್ಯ ಮುಖ್ಯವಾಗಿ ಮಾಡುತ್ತಿದ್ದ ಕೆಲಸ ಯಾವುದು ಅಂತ ನೋಡಿದವು. ಕೋರ್ಟಿಗೂ ಕೊನೆಗೆ ಬೇಕಾಗೋದು ಆ ವಾರದ ಪಟ್ಟಿಯೇ.

ಸ್ವಂತವಾಗಿ ಕೆಲಸ ಮಾಡುವವರ ವಿಚಾರ ಬೇರೆ. ಊರಿನ ಅಂಗಡಿ, ನರ್ಸಿಂಗ್ ಹೋಮ್‌ಗಳಿಗೆ ಕೆಲಸ ಮಾಡಿಕೊಡುವವರು ವಿಸಿಟಿಂಗ್ ಕಾರ್ಡಿನಲ್ಲಿ ‘ಐಟಿ ಕನ್ಸಲ್ಟೆಂಟ್’ ಅಂತ ಹಾಕಿಸುತ್ತಾರೆ. ಔಷಧಿ ಅಂಗಡಿಯವರಿಗೆ ಅದರಿಂದ ಏನೂ ತಿಳಿಯೋದಿಲ್ಲ. ‘ಬಿಲ್ಲಿಂಗ್ ಸಾಫ್ಟ್‌ವೇರ್, ಸಿಸಿಟಿವಿ, ನೆಟ್‌ವರ್ಕ್ ಕೆಲಸ’ ಅಂತ ಕನ್ನಡದಲ್ಲಿ ಹಾಕಿಸಿ, ಫೋನ್ ಬರುತ್ತದೆ.

ಕೊನೆಗೆ, ಇರುವ ಕಂಪನಿಯಲ್ಲೇ ಹೆಸರು ಬದಲಿಸಿಕೊಳ್ಳೋದು ಹೇಗೆ ಅಂತ ಮಾತಿನ ಮಧ್ಯೆ ಒಬ್ಬರು ಕೇಳಿದರು. ಅಪ್ರೈಸಲ್ ದಿನ ಬಾಯಿಮಾತಿನಲ್ಲಿ ಕೇಳಿದರೆ ನೋಡೋಣ ಅಂತಾರೆ. ಒಂದು ತಿಂಗಳು ಮೊದಲೇ ಮ್ಯಾನೇಜರ್‌ಗೆ ಒಂದು ಪುಟದ ಮೇಲ್ ಬರೆಯಿರಿ. ನಾನು ಯಾವುದಕ್ಕೆ ಜವಾಬ್ದಾರ ಅಂತ ಮೂರು ಸಾಲು. ಈ ವರ್ಷ ಅದು ನಿಂತಾಗ ಏನಾಯಿತು, ನಾನು ಏನು ಮಾಡಿದೆ ಅಂತ ಒಂದು ಉದಾಹರಣೆ. ಇದಕ್ಕೆ ಹೊರಗೆ ಬಳಕೆಯಲ್ಲಿರುವ ಹೆಸರು ಇದು, ಅಂತ ಎರಡು ಜಾಹೀರಾತು. ಕೊನೆಗೆ ಬೇಕಾದ ಹೆಸರು. ‘ಸರ್, ಈ ವರ್ಷ ಸಂಬಳ ಜಾಸ್ತಿ ಮಾಡಲು ಆಗದಿದ್ದರೆ ಹುದ್ದೆಯ ಹೆಸರನ್ನಾದರೂ ಸರಿ ಮಾಡಿಕೊಡಿ’ ಅಂತ ಕೇಳೋದಕ್ಕೆ ಸಂಕೋಚ ಬೇಡ. ಸಣ್ಣ ಕಂಪನಿಗಳಲ್ಲಿ ಇದಕ್ಕೆ ಒಪ್ಪುವವರು ತುಂಬಾ ಇದ್ದಾರೆ. ಸಿಟಿಒ (ತಂತ್ರಜ್ಞಾನ ವಿಭಾಗದ ಮುಖ್ಯಸ್ಥರು), ಹೆಡ್, ಆರ್ಕಿಟೆಕ್ಟ್ ಅಂತ ದೊಡ್ಡ ಹೆಸರನ್ನೇ ಕೊಡುತ್ತೇವೆ ಅಂದರೆ ಮಾತ್ರ ಸ್ವಲ್ಪ ತಡೆದು ಯೋಚಿಸಿ. ಮೂರು ಜನರ ಕಂಪನಿಯ ಸಿಟಿಒ ಮುಂದೆ ದೊಡ್ಡ ಕಂಪನಿಗೆ ಸೀನಿಯರ್ ಎಂಜಿನಿಯರ್ ಆಗಿ ಹೋಗಬೇಕಾಗುತ್ತದೆ. ಆಗ ಕೆಳಗೆ ಇಳಿದ ಹಾಗೆ ಕಾಣುತ್ತದೆ. ಹಾಗೆ ಆಗಬಾರದು ಅಂತಿದ್ದರೆ ಹೆಸರಿನ ಪಕ್ಕದಲ್ಲೇ ತಂಡದಲ್ಲಿ ಎಷ್ಟು ಜನ ಅಂತ ಬರೆದುಬಿಡಿ.

ಎಐ ಎಂಜಿನಿಯರ್ ಅಂತ ಹಾಕಿಕೊಳ್ಳಬಹುದಾ ಅಂತ ಇನ್ನೊಬ್ಬರ ಪ್ರಶ್ನೆ. ಎಐ ಮಾಡೆಲ್ಲಿಗೆ ಡೇಟಾ ಕೊಟ್ಟು ತರಬೇತಿ ಮಾಡುತ್ತೀರಾ, ಅಥವಾ ಸಿದ್ಧ ಮಾಡೆಲ್ಲನ್ನು ನಿಮ್ಮ ಅಪ್ಲಿಕೇಶನ್ನಿಗೆ ಜೋಡಿಸಿ ಅದರ ಉತ್ತರ ಸರಿ ಇದೆಯಾ ಅಂತ ಪರೀಕ್ಷೆ ಮಾಡುತ್ತೀರಾ? ಎರಡೂ ಒಳ್ಳೆಯ ಕೆಲಸವೇ, ಆದರೆ ಬೇರೆ ಬೇರೆ. ಮೊದಲನೆಯದು ಮಷೀನ್ ಲರ್ನಿಂಗ್ ಎಂಜಿನಿಯರ್. ಎರಡನೆಯದಕ್ಕೆ ‘ಸಾಫ್ಟ್‌ವೇರ್ ಎಂಜಿನಿಯರ್, ಎಐ ಅಪ್ಲಿಕೇಶನ್ಸ್’ ಅಂತ ಬರೆಯಿರಿ. ಆಫೀಸಿನ ಎಲ್ಲರ ಹಾಗೆ ಚಾಟ್‌ಬಾಟ್ ಬಳಸಿ ಬೇಗ ಕೋಡ್ ಬರೆಯುತ್ತೀರಿ ಅಷ್ಟೇ ಆದರೆ ಈಗಿರುವ ಹೆಸರೇ ಇರಲಿ.